ಹಸಿ ಟೊಂಗೆ

ರಸ್ತೆಯ ಮೇಲೆ ಓಡುವ ಪ್ರತಿಯೊಂದು ಗಾಡಿಯೂ ಮುಂದಿನ ಅಪಾಯವನ್ನು ತಾನೇ ಕಂಡು, ಡ್ರೈವರನಿಗೆ ತಿಳಿಸಿ, ಹಿಂದೆ ಬರುವವರಿಗೂ ಸುದ್ದಿ ಮುಟ್ಟಿಸುವಂತಿದ್ದರೆ ಹೇಗಿರುತ್ತದೆ? ಈ ಪ್ರಶ್ನೆ ಮಹಾನಂದಾ ಬಡಿಗೇರಳ ತಲೆ ಹೊಕ್ಕು ಹನ್ನೊಂದು ವರ್ಷವಾಗಿತ್ತು. ಹೊಕ್ಕಿದ್ದು ಸುಲಭಕ್ಕೆ ಹೊರಗೆ ಬರಲಿಲ್ಲ. ನೋಡಲು ಬಂದ ಗಂಡುಗಳು ಕಾದು ಕಾದು ಬೇರೆ ಕಡೆ ತಾಳಿ ಕಟ್ಟಿದರು, ಕಿವಿಯ ಪಕ್ಕದ ಕೂದಲು ಬೆಳ್ಳಗಾಯಿತು, ಕೊನೆಗೂ ಆ ಪ್ರಶ್ನೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯಾಗಿ ಹೊರಬಿತ್ತು. ಅದಕ್ಕೆ 'ಜೋಕೆ' ಎಂದು ಹೆಸರಿಟ್ಟರು.

ಜೋಕೆಗೆ ಒಂದು ಕಿವಿ, ಒಂದು ಕಣ್ಣು. ಕಿವಿ ಎಂದರೆ ರೇಡಾರ್. ಮುಂದೆ ಏನೋ ಇದೆ, ಇಷ್ಟು ದೂರದಲ್ಲಿದೆ, ನಿಂತಿದೆ ಅಥವಾ ಓಡುತ್ತಿದೆ ಎಂಬಷ್ಟು ಅದಕ್ಕೆ ತಿಳಿಯುತ್ತದೆ. ಕಣ್ಣು ಎಂದರೆ ಕ್ಯಾಮೆರಾ. ಮನುಷ್ಯರಿಗೆ ಕಾಣದ, ಕೆಂಪಿನಾಚೆಯ ಬೆಳಕೂ ಅದಕ್ಕೆ ಕಾಣುತ್ತದೆ. ಕಿವಿಗೆ ಅನುಮಾನ ಬಂದರೆ ಕಣ್ಣನ್ನು ಕೇಳುತ್ತದೆ. ಕಣ್ಣು ಹೌದೆಂದರೆ ಡ್ರೈವರನ ಸೀಟು ಗಡಗಡ ನಡುಗುತ್ತದೆ. ಅಷ್ಟಕ್ಕೂ ಅವನು ಮಿಸುಕದಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ಆ ಹೊತ್ತಿಗೆ ಹಿಂದಿನ ಎರಡು ಕಿಲೋಮೀಟರಿನಲ್ಲಿ ಬರುತ್ತಿರುವ ಗಾಡಿಗಳಿಗೆಲ್ಲ ಸುದ್ದಿ ಹೋಗಿರುತ್ತದೆ.

ಬಾಗಲಕೋಟೆಯ ಹೊರಗಿದ್ದ ಸಂಶೋಧನಾ ಕೇಂದ್ರ ಲೋಕಾಪುರದ ಮೇಲೆ ಹಾಯುವ ತೊಂಬತ್ತಾರು ಕಿಲೋಮೀಟರ್ ರಸ್ತೆಯನ್ನು ಪ್ರಯೋಗಕ್ಕೆಂದು ತೆಗೆದುಕೊಂಡಿತ್ತು. ಆ ದಾರಿಯಲ್ಲಿ ದಿನಾ ಓಡಾಡುವ ಲಾರಿ, ಬಸ್ಸುಗಳಿಗೆಲ್ಲ ಪೆಟ್ಟಿಗೆ ಬಿತ್ತು. ಮೊದಮೊದಲು ಡ್ರೈವರುಗಳು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಗಾಳಿಗೆ ಬೇವಿನ ಮರ ತೂಗಿದರೂ ಗಾಡಿ ನಿಲ್ಲುತ್ತಿತ್ತು, ಕಬ್ಬಿನ ಹೊಲ ರಸ್ತೆಗೆ ಬಾಗಿದರೂ ನಿಲ್ಲುತ್ತಿತ್ತು. ಮಹಾನಂದಾ ಆರು ತಿಂಗಳು ಕೂತು ಅದಕ್ಕೊಂದು ಉಪಾಯ ಹುಡುಕಿದಳು. ಕೆಂಪಿನಾಚೆಯ ಬೆಳಕಿನಲ್ಲಿ ಎಲೆ ಎನ್ನುವುದು ಬೇರೆಲ್ಲಕ್ಕಿಂತ ಬೆಳ್ಳಗೆ ಹೊಳೆಯುತ್ತದೆ. ಹಾಗೆ ಹೊಳೆಯುವುದನ್ನೆಲ್ಲ ಗಿಡವೆಂದು ಸೋಸಿ ಎಸೆಯುವಂತೆ ಜೋಕೆಯ ಕಣ್ಣಿಗೆ ಕಲಿಸಿದಳು. ಅದಕ್ಕೆ 'ಹಸಿರು ಜರಡಿ' ಎಂಬ ಹೆಸರು ಬಂತು. ಜರಡಿ ಬಂದದ್ದೇ ಬಂದದ್ದು, ಸುಳ್ಳು ಗಾಬರಿ ನಿಂತಿತು, ಬೈಗುಳವೂ ನಿಂತಿತು. ದೇಶದ ಒಳಗೂ ಹೊರಗೂ ಇದ್ದ ಹದಿನಾಲ್ಕು ಪ್ರಯೋಗಾಲಯಗಳು ಅದನ್ನು ಬೇಡಿ ಪಡೆದವು. ಮಹಾನಂದಾಳಿಗೆ ಪೆಟ್ಟಿಗೆಗಿಂತ ಜರಡಿಯ ಮೇಲೇ ಹೆಮ್ಮೆ ಜಾಸ್ತಿ.

ಈಗ ಕೇಂದ್ರದ ಗೋಡೆಯ ಫಲಕದಲ್ಲಿ 'ಸಾವಿಲ್ಲದ ದಿನಗಳು: ೪೧೨' ಎಂದಿತ್ತು. ಬರುವ ಶುಕ್ರವಾರ ಆ ಹದಿನಾಲ್ಕು ಕಡೆಯ ಪ್ರತಿನಿಧಿಗಳೂ ಬಂದು ಕೂಡುವವರಿದ್ದರು. ಸಂಶೋಧನೆಯ ಫಲಿತಾಂಶವನ್ನು ಅವರ ಮುಂದಿಡಬೇಕು, ಅವರು ಒಪ್ಪಿದರೆ ಎಂಟು ಲಕ್ಷ ಗಾಡಿಗಳಿಗೆ ಜೋಕೆ ಬೀಳುತ್ತದೆ. ಹನ್ನೊಂದು ವರ್ಷ ಕಾದದ್ದು ಆ ಒಂದು ದಿನಕ್ಕೆ.

ಮಂಗಳವಾರ ಬೆಳಗ್ಗೆ ಏಳೂವರೆಗೆ, ಲೋಕಾಪುರ ದಾಟಿದ ಮೇಲಿನ ತಿರುವಿನಲ್ಲಿ, ಅಚ್ಚು ಮುರಿದು ನಿಂತಿದ್ದ ಕಬ್ಬಿನ ಟ್ರೇಲರಿಗೆ ಒಂದು ಸಿಮೆಂಟ್ ಲಾರಿ ಹೋಗಿ ಬಡಿಯಿತು. ಟ್ರ್ಯಾಕ್ಟರಿನವನು ಮೆಕ್ಯಾನಿಕ್ಕನ್ನು ಕರೆಯಲು ಹೋಗಿದ್ದರಿಂದ ಟ್ರೇಲರಿನ ಹತ್ತಿರ ಯಾರೂ ಇರಲಿಲ್ಲ. ಲಾರಿ ಡ್ರೈವರನ ಎಡಗೈ ಮುರಿಯಿತು, ಜೀವ ಉಳಿಯಿತು. ಡ್ರೈವರನ ಹೆಸರು ಕಾಳಪ್ಪ ಬಡಿಗೇರ. ಮಹಾನಂದಾಳ ಒಡಹುಟ್ಟಿದ ಅಣ್ಣ.

ಅಪ್ಪ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ, ಅವನಿಗೆ ಹತ್ತೊಂಬತ್ತು. ಅವನು ಸ್ಟೇರಿಂಗ್ ಹಿಡಿದ, ಅವಳು ಪುಸ್ತಕ ಹಿಡಿದಳು. ಮೂವತ್ತು ವರ್ಷ ದೇಶ ಸುತ್ತಿದವನ ಲಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಸಾರಿಗೆ ಸಂಘದವರು ಒಳ್ಳೆಯ ಡ್ರೈವರ್ ಎಂದು ಕರೆದು ಶಾಲು ಹೊದಿಸಿದ್ದರು. ಅಂಥವನು ಆಸ್ಪತ್ರೆಯ ಮಂಚದ ಮೇಲೆ ಕೂತು, ಹೇಳಿಕೆ ಬರೆದುಕೊಳ್ಳಲು ಬಂದವರಿಗೆ, "ಕಣ್ಣು ಹತ್ತಿತ್ರಿ ಸಾಹೇಬ್ರ. ತಪ್ಪು ನಂದ," ಎಂದು ಹೇಳಿ ಬಲಗೈಯಲ್ಲಿ ಸಹಿ ಮಾಡಿಕೊಟ್ಟ. ಮಧ್ಯಾಹ್ನಕ್ಕೆಲ್ಲ ಲೈಸೆನ್ಸ್ ತಡೆಹಿಡಿದ ಕಾಗದ ಬಂತು. 'ಕಾರಣ: ಚಾಲಕನ ನಿದ್ದೆ.'

ಸುದ್ದಿ ಕೇಳಿ ಕೇಂದ್ರದ ನಿರ್ದೇಶಕ ಇನಾಂದಾರರು ಮೊದಲು ಹೌಹಾರಿದರು, ಆಮೇಲೆ ಹೇಳಿಕೆ ಓದಿ ಸಮಾಧಾನದ ಉಸಿರು ಬಿಟ್ಟರು. ಕೆಟ್ಟ ಮನುಷ್ಯರೇನಲ್ಲ. ಆದರೆ ಶುಕ್ರವಾರಕ್ಕೆ ಮೂರೇ ದಿನವಿತ್ತು.

"ನಿಮ್ಮ ಅಣ್ಣ ಪಾರಾದ್ರಲ್ಲ, ಅದು ದೊಡ್ಡದು," ಎಂದರು ಮಹಾನಂದಾಳಿಗೆ. "ನಾಲ್ಕ ದಿನ ಮನ್ಯಾಗ ಇರ್ರಿ ಅನ್ಬೇಕಂದ್ರ ಅನ್ಲಿಕ್ಕೂ ಆಗೂದಿಲ್ಲ. ಏನ್ ಮಾಡೂದು."

ಸಂಜೆ ನವನಗರದ ಮನೆಯಲ್ಲಿ ಕಾಳಪ್ಪ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಏನೂ ಆಗಿಲ್ಲವೆನ್ನುವಂತೆ ಚಹಾ ಬಸಿಯಲ್ಲಿ ಸುರುವಿಕೊಂಡು ಕುಡಿಯುತ್ತಿದ್ದ. ಅವನ ಹೆಂಡತಿ ಚಂದ್ರವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸದ್ದು ಬೀದಿಗೂ ಕೇಳುವಂತಿತ್ತು.

"ನಿದ್ದಿ ಅಂತ ನಿದ್ದಿ!" ಎಂದಳು ಆಕೆ ಒಳಗಿನಿಂದಲೇ. "ಮಾನಂದಾ, ನೀನರ ಕೇಳವಾ ನಿಮ್ಮಣ್ಣನ್ನ. ಹಿಂದಿನ ರಾತ್ರಿ ಒಂಬತ್ತಕ್ಕ ಮಕ್ಕೊಂಡಾವ ಐದಕ್ಕ ಎದ್ದಾನ. ಸ್ಟೇರಿಂಗ್ ಮ್ಯಾಲ ಕುಂತ ಆಕಳಿಸಿದ್ದು ಸೈತ ನಾ ಕಂಡಿಲ್ಲ."

"ನೀ ರೊಟ್ಟಿ ಬಡಿ," ಎಂದ ಕಾಳಪ್ಪ. "ವಯಸ್ಸಾತು. ಹತ್ತಿತು ಕಣ್ಣು."

"ನಲವತ್ತೊಂಬತ್ತಕ್ಕ ವಯಸ್ಸಾತಂತ! ಸಂಘದಾಗ ಏನ್ ಮಾತಾಡಾಕತ್ತಾರ ಗೊತ್ತೈತೇನ್ ನಿಮಗ? ಶಾಲು ವಾಪಸ್ ಕೊಡಪಾ ಅಂತ ನಗಾಕತ್ತಾರಂತ."

ಕಾಳಪ್ಪ ಬಸಿಯನ್ನು ನೆಲಕ್ಕಿಟ್ಟ. ಅದರಲ್ಲಿ ಇನ್ನೂ ಚಹಾ ಉಳಿದಿತ್ತು. ಅಣ್ಣ ಮಹಾನಂದಾಳ ಮುಖ ನೋಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನು ಅವಳ ಮುಖ ನೋಡದೆ ಮಾತಾಡಿದ್ದು ಅವಳಿಗೆ ನೆನಪಿಲ್ಲ.

ಮರುದಿನ ಬೆಳಗ್ಗೆ ಅವಳು ನೇರ ನಿಯಂತ್ರಣ ಕೋಣೆಗೆ ಹೋಗಿ ಲಾರಿಯ ದಾಖಲೆ ತೆಗೆಸಿದಳು. ಆ ಕೋಣೆಯ ಯಜಮಾನಿಕೆ ರೇಷ್ಮಾ ಮುಲ್ಲಾಳದ್ದು. ಎಂಟು ವರ್ಷದಿಂದ ಇಬ್ಬರೂ ಒಟ್ಟಿಗೆ ದುಡಿದವರು.

"ಮೇಡಂ, ನಾನ ನಿಮಗ ಫೋನ್ ಮಾಡಾಕಿದ್ದೆ," ಎಂದಳು ರೇಷ್ಮಾ. "ಇದು ಕೂಡವಲ್ದು ನೋಡ್ರಿ. ನಿದ್ದಿ ಬಂದ್ರ ಉಸಿರು ಇಳೀತೈತಿ, ಸೀಟಿನ ಪಟ್ಟಿ ಅದನ್ನ ಬರ್ಕೊತೈತಿ. ಇಲ್ಲಿ ಉಸಿರು ಇಳದಿಲ್ಲ, ಏರೇತಿ. ಮತ್ತ ಕಾಲು ನೋಡ್ರಿ."

ಪರದೆಯ ಮೇಲೆ ಕಾಳಪ್ಪನ ಬಲಗಾಲು ಯಾವಾಗ ಎಲ್ಲಿತ್ತೆಂದು ತೋರಿಸುವ ಗೆರೆ ಇತ್ತು. ಬಡಿಯುವುದಕ್ಕೆ ನಾಲ್ಕು ಸೆಕೆಂಡು ಮುಂಚೆ ಕಾಲು ಆಕ್ಸಿಲರೇಟರಿನಿಂದ ಎದ್ದಿದೆ. ಎದ್ದು ಬ್ರೇಕಿನ ಮೇಲೆ ಬಂದು ನಿಂತಿದೆ. ಒತ್ತಿಲ್ಲ. ಮೂರು ಸೆಕೆಂಡು ಹಾಗೇ, ಒತ್ತದೆ, ಎತ್ತದೆ, ನಿಂತಿದೆ. ಕೊನೆಯ ಒಂದು ಸೆಕೆಂಡಿನಲ್ಲಿ ಪೂರ್ತಿ ಬಲ ಹಾಕಿ ಒತ್ತಿದೆ.

"ನಿದ್ದಿಗಣ್ಣಾಗ ಯಾರೂ ಕಾಲೆತ್ತಿ ಕಾಯೂದಿಲ್ಲ," ಎಂದಳು ರೇಷ್ಮಾ ಮೆಲ್ಲಗೆ.

"ಕಣ್ಣೇನ್ ಕಂಡೇತಿ ತೋರಸು."

ಜೋಕೆಯ ಕಣ್ಣು ಕಂಡ ಚಿತ್ರ ಬಂತು. ಮಹಾನಂದಾ ನೋಡಿದಳು, ಮತ್ತೆ ನೋಡಿದಳು, ಕುರ್ಚಿ ಎಳೆದುಕೊಂಡು ಕೂತಳು. ರಸ್ತೆಯ ಮೇಲೆ ಮೂರು ಬೇವಿನ ಟೊಂಗೆ ಒಂದರ ಹಿಂದೊಂದು ಬಿದ್ದಿವೆ. ಅದರಾಚೆ ಟ್ರೇಲರ್. ಟ್ರೇಲರ್ ಎನ್ನುವುದಾದರೂ ಎಲ್ಲಿ ಕಾಣಬೇಕು? ನಾಲ್ಕೂ ಕಡೆ ಕಬ್ಬಿನ ಗರಿ ಇಳಿಬಿದ್ದು, ಪಕ್ಕದ ಕಬ್ಬಿನ ಹೊಲವೇ ರಸ್ತೆಗೆ ಒಂದು ಹೆಜ್ಜೆ ಇಟ್ಟಂತೆ ನಿಂತಿದೆ. ಚಿತ್ರದ ಮೇಲೆ ಪೆಟ್ಟಿಗೆ ತನ್ನ ತೀರ್ಮಾನ ಬರೆದಿತ್ತು. ಕಿವಿ ಕೇಳಿದೆ: ಮುಂದೆ ಏನೋ ನಿಂತಿದೆ, ಏನದು? ಕಣ್ಣು ಹೇಳಿದೆ: ಗಿಡ. ಬಿಟ್ಟುಬಿಡು.

ಟೊಂಗೆಯನ್ನೂ ಕಬ್ಬನ್ನೂ ಹಸಿರು ಜರಡಿ ಸೋಸಿ ಎಸೆದಿತ್ತು. ಅವಳದೇ ಜರಡಿ.

ಕೆಟ್ಟು ನಿಂತ ಗಾಡಿಯ ಹಿಂದೆ ಹಸಿ ಟೊಂಗೆ ಮುರಿದು ಇಡುವುದು ನಮ್ಮ ಡ್ರೈವರುಗಳ ಹಳೆಯ ರೂಢಿ. ಲೈಟು ಕೆಟ್ಟಿರಬಹುದು, ಕೆಂಪು ತ್ರಿಕೋನದ ಫಲಕ ಎಂದೋ ಕಳೆದಿರಬಹುದು, ಬೇವಿನ ಮರ ಮಾತ್ರ ಎಲ್ಲ ಕಡೆ ಇರುತ್ತದೆ. ಟೊಂಗೆ ಕಂಡರೆ ಮುಂದೆ ಗಾಡಿ ನಿಂತಿದೆ ಎಂದೇ ಅರ್ಥ. ಇದು ಲಾರಿ ಡ್ರೈವರನ ತಂಗಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಚಿಕ್ಕಂದಿನಲ್ಲಿ ಅಣ್ಣನ ಪಕ್ಕ ಕೂತು ಎಷ್ಟೋ ಸಲ ನೋಡಿದ್ದಳು. ಆದರೆ ಪ್ರಯೋಗಾಲಯದಲ್ಲಿ ಕೂತಾಗ ರಸ್ತೆ ನಿಯಮದ ಪುಸ್ತಕ ಎದುರಿಗಿತ್ತು, ಅದರಲ್ಲಿ ಟೊಂಗೆಯ ಮಾತು ಎಲ್ಲಿಯೂ ಇರಲಿಲ್ಲ. ಪುಸ್ತಕದಲ್ಲಿಲ್ಲದ್ದನ್ನು ಅವಳು ಗಿಡಗಳ ಲೆಕ್ಕಕ್ಕೆ ಹಾಕಿಬಿಟ್ಟಿದ್ದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಅಣ್ಣಾ, ಟೊಂಗಿ ಕಂಡಿದ್ವು ನಿನಗ. ಹೌದಲ್ಲೋ?"

ಕಾಳಪ್ಪ ತುತ್ತು ಎತ್ತಿದ್ದವನು ಕೆಳಗಿಟ್ಟ. ಚಂದ್ರವ್ವ ಸೌಟು ಹಿಡಿದೇ ಹೊರಗೆ ಬಂದಳು.

"ಯಾರ್ ಹೇಳಿದ್ರು?"

"ನಿನ್ನ ಕಾಲು ಹೇಳಿತು."

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ್ದನ್ನು ಮಹಾನಂದಾ ಸಾಯುವ ತನಕ ಮರೆಯಲಾರಳು.

"ಕಂಡ್ವು. ಕಂಡ ಕೂಡ್ಲೆ ಕಾಲು ತಾನ ಎದ್ದತು. ಮೂವತ್ತು ವರ್ಷದ ರೂಢಿ. ಆದ್ರ ಪೆಟಿಗಿ ಸುಮ್ಮನ ಕುಂತಿತ್ತು, ಸೀಟು ನಡುಗಲಿಲ್ಲ. ನಾ ಅಂದ್ಕೊಂಡೆ, ಹಳೇ ಟೊಂಗಿ ಇರ್ಬೇಕು, ಗಾಡಿ ಹೋಗಿರ್ಬೇಕು, ನನ್ನ ತಂಗಿ ಪೆಟಿಗಿಗೆ ಗೊತ್ತಿಲ್ಲದ್ದು ನನಗೇನ್ ಗೊತ್ತಿರ್ತೈತಿ ಅಂತ. ನನ್ನ ಕಣ್ಣಿಗಿಂತ ನಿನ್ನ ಪೆಟಿಗಿ ನಂಬಿದೆ, ಮಾನಂದಾ. ಅಷ್ಟ."

"ಮತ್ತ ನಿದ್ದಿ ಅಂತ ಯಾಕ್ ಸಹಿ ಮಾಡಿದಿ?"

"ಶುಕ್ರವಾರ ಐತಲ್ಲ ನಿಂದು."

ಚಂದ್ರವ್ವ ಸೌಟನ್ನು ನೆಲಕ್ಕಿಟ್ಟು ಅಲ್ಲೇ ಕೂತಳು. ಮಹಾನಂದಾಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯ ಸಿಟ್ಟನ್ನೇ ಆರಿಸಿಕೊಳ್ಳುತ್ತಾನೆ.

"ಯಾರ್ ಹೇಳಿದ್ರು ನಿನಗ ದೊಡ್ಡಸ್ತಿಕಿ ಮಾಡು ಅಂತ? ನಾಳೆ ಎಂಟು ಲಕ್ಷ ಗಾಡ್ಯಾಗ ಇದ ಕುರುಡು ಪೆಟಿಗಿ ಕುಂದರತೈತಿ. ಅಲ್ಲಿರೋ ಡ್ರೈವರಗೋಳೂ ನಿನ್ಹಂಗ ಕಾಲೆತ್ತಿ ಪೆಟಿಗಿ ಮಾತು ಕಾಯ್ತಾರ. ಅವರಿಗೆ ಬರೇ ಕೈ ಮುರೀತೈತಂತ ಬರ್ಕೊಡ್ತಿ ಏನ್?"

ಕಾಳಪ್ಪ ತಲೆ ತಗ್ಗಿಸಿದ. "ಅಷ್ಟು ದೂರ ನಾ ವಿಚಾರ ಮಾಡ್ಲಿಲ್ಲವಾ," ಎಂದ.

ಅವಳು ನೀರು ಕುಡಿದು, ಅವನ ಪಕ್ಕ ಕೂತಳು. ಸಿಟ್ಟು ಇಳಿದಿತ್ತು. "ಹಳೇ ಟೊಂಗಿ ಅಂದ್ಯಲ್ಲ. ಹಳೇದು ಹೊಸದು ನಿನಗ ಹೆಂಗ್ ಗೊತ್ತಾಕ್ಕೈತಿ?"

"ಅದೇನ್ ಕೇಳ್ತಿ!" ಈಗ ಅವನ ದನಿಯಲ್ಲಿ ಜೀವ ಬಂತು. "ಗಾಡಿ ರಿಪೇರಿ ಆದ ಮ್ಯಾಲ ಟೊಂಗಿ ಎತ್ತಿ ಒಗಿಯೂ ಪುಣ್ಯಾತ್ಮ ಯಾವನದಾನ? ಎಲ್ಲಾರೂ ಹಂಗ ಬಿಟ್ಟ ಹೊಕ್ಕಾರ. ಅದಕ್ಕ ಎಲಿ ತಪ್ಪಲ ನೋಡ್ಬೇಕು. ನೆಟ್ಟಗಿದ್ರ ಗಾಡಿ ಐತಿ. ಬಾಡಿ ಸುರುಟಿತ್ತಂದ್ರ ಗಾಡಿ ಹೋಗೇತಿ. ಮತ್ತ ಗಾಳಿಗೆ ಬಿದ್ದ ಟೊಂಗಿ ಹೆಂಗ್ ಬೇಕಾದ್ರ ಹಂಗ ಬಿದ್ದಿರ್ತೈತಿ. ಮನಷ್ಯಾ ಇಟ್ಟಿದ್ರ ಬುಡ ಗಾಡಿ ಕಡೆ, ತಪ್ಪಲ ಬರಾವ್ರ ಕಡೆ. ಒಂದಿಡೂದಿಲ್ಲ, ಮೂರಿಡ್ತಾರ. ಮಂಗಳವಾರ ಬಿಸಿಲು ಎದುರಿಗಿತ್ತು, ಹಸೀದೋ ಒಣದೋ ನನಗ ತಿಳೀಲಿಲ್ಲ. ಪೆಟಿಗೀನ ಕೇಳಿದೆ."

ಮಹಾನಂದಾ ಎದ್ದು ನಿಂತಳು. ಬಿಸಿಲು ಮನುಷ್ಯರ ಕಣ್ಣಿಗೆ ಅಡ್ಡ ಬರಬಹುದು, ಕೆಂಪಿನಾಚೆಯ ಬೆಳಕು ನೋಡುವ ಕಣ್ಣಿಗೆ ಏನು ಅಡ್ಡಿ? ಆ ಬೆಳಕಿನಲ್ಲಿ ನೀರು ತುಂಬಿದ ಎಲೆಗೂ ಬಾಡಿದ ಎಲೆಗೂ ಹೊಳಪೇ ಬೇರೆ. ಎಲೆಯಲ್ಲಿ ಎಷ್ಟು ನೀರಿದೆ ಎಂಬುದು ಜೋಕೆಗೆ ಮೊದಲ ದಿನದಿಂದಲೂ ತಿಳಿಯುತ್ತಿತ್ತು. ತಿಳಿದದ್ದನ್ನು ಜರಡಿ ಹೊರಗೆ ಚೆಲ್ಲುತ್ತಿತ್ತು, ಅಷ್ಟೆ.

"ಊಟ ಮಾಡವಾ!" ಎಂದು ಚಂದ್ರವ್ವ ಕೂಗುವಷ್ಟರಲ್ಲಿ ಅವಳು ಗೇಟು ದಾಟಿದ್ದಳು.

ಇನಾಂದಾರರು ಅವಳ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ಖರೇ ಅದ," ಎಂದರು. "ಜರಡಿ ಬದಲಿ ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಶುಕ್ರವಾರ ಇದನ್ನ ಎತ್ತಬ್ಯಾಡ್ರಿ. ಮೊದಲು ಒಪ್ಪಿಗಿ ಸಿಗಲಿ. ಎರಡು ತಿಂಗಳು ಬಿಟ್ಟು ಹೊಸ ಆವೃತ್ತಿ ಅಂತ ಎಲ್ಲಾರಿಗೂ ಕಳಿಸಿಬಿಡೋಣು. ಯಾರಿಗೂ ನೋವಿಲ್ಲ."

"ಇನ್ನೆರಡು ತಿಂಗಳು ಕಬ್ಬಿನ ಹಂಗಾಮು ಐತ್ರಿ ಸರ್. ದಿನಾ ಎಷ್ಟು ಟ್ರೇಲರ್ ಅಚ್ಚು ಮುರ್ಕೊಂಡು ನಿಲ್ತಾವ, ನೀವ ನೋಡೀರಿ. ಮತ್ತ ಜರಡಿ ಬರೇ ನಮ್ಮಲ್ಲಿಲ್ಲ, ಹದಿನಾಲ್ಕು ಕಡೆ ಐತಿ."

"ನಾವು ಸೋತ್ವಿ ಅಂತ ನಾವ ಸಾರಿದ್ರ ಒಪ್ಪಿಗಿ ಎಲ್ಲಿಂದ ಬರ್ತದ್ರಿ?"

"ಒಪ್ಪಿಗಿ ಬರದಿದ್ರ ಬ್ಯಾಡ್ರಿ. ನಮ್ಮ ಅಣ್ಣ ಅಂತಲ್ಲ. ನಿದ್ದಿ ಮಾಡಿದ ಅಂತ ಒಬ್ಬ ಎಚ್ಚರಿದ್ದ ಮನಷ್ಯಾನ ಹೆಸರಿಗೆ ಬರ್ದು, ಅದರ ಮ್ಯಾಲ ನಮ್ಮ ಯಶಸ್ಸು ಕುಂದರ್ಸಾಕ ನನ್ನ ಕೈಲಾಗೂದಿಲ್ಲ."

ಇನಾಂದಾರರು ಎದ್ದು ಕಿಟಕಿಯ ಹತ್ತಿರ ಹೋದರು. "ವೇದಿಕಿ ನಿಮ್ಮದು. ನಾ ನಿಮ್ಮನ್ನ ತಡಿಯೂದಿಲ್ಲ," ಎಂದರು ಕೊನೆಗೆ. "ಆದ್ರ ಜೋಡಿಗೆ ನಿಂದರ್ತೀನಿ ಅಂತ ಮಾತು ಕೊಡ್ಲಿಕ್ಕೂ ಆಗೂದಿಲ್ಲ."

ಗುರುವಾರ ಇಡೀ ದಿನ ಕೇಂದ್ರದ ಹಿಂದಿನ ಪ್ರಯೋಗದ ರಸ್ತೆಯಲ್ಲಿ ಬೇವಿನ ತಪ್ಪಲಿನ ವಾಸನೆ. ಮಹಾನಂದಾ, ರೇಷ್ಮಾ ಇಬ್ಬರೂ ಸೇರಿ ಜರಡಿಯನ್ನು ಬಿಚ್ಚಿ ಹೊಸದಾಗಿ ಹೆಣೆದಿದ್ದರು. ರಸ್ತೆಯ ಅಂಚಿನ ಎಲೆ ಬೇಡ, ಡಾಂಬರಿನ ಮೇಲೆ ಬಿದ್ದ ಎಲೆ ಬೇಕು. ಸಾಲಾಗಿ, ತುದಿ ಈ ಕಡೆ ಮಾಡಿದ್ದರೆ ಮನುಷ್ಯ ಇಟ್ಟದ್ದು. ಅದರಲ್ಲಿ ನೀರಿದ್ದರೆ ಅಪಾಯ, ನೀರು ಆರಿದ್ದರೆ ಬರೀ ಸಣ್ಣ ಸೂಚನೆ. ಹಸಿ ಟೊಂಗೆ ಕಂಡ ಮೇಲೆ ಮುಂದೆ ಕಬ್ಬೇ ನಿಂತಿರಲಿ, ಕಾಡೇ ನಿಂತಿರಲಿ, ಕಣ್ಣು ಅದನ್ನು ಗಿಡವೆಂದು ಬಿಡುವಂತಿಲ್ಲ.

ಟೊಂಗೆ ಇಡಲು ಎಂಜಿನಿಯರುಗಳು ಹೋದರು. ಸ್ಕೇಲು ಹಿಡಿದು, ಸರಿಯಾಗಿ ಹತ್ತು ಮೀಟರಿಗೊಂದರಂತೆ, ಮದುವೆಮನೆಯ ತೋರಣದ ಹಾಗೆ ಇಟ್ಟರು. ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುಬಿಟ್ಟುಕೊಂಡು ನೋಡುತ್ತಿದ್ದ ಕಾಳಪ್ಪನಿಗೆ ತಡೆಯಲಾಗಲಿಲ್ಲ.

"ಏ ಸಾಹೇಬ್ರ, ಹಿಂಗ್ಯಾರ್ರೀ ಇಡ್ತಾರ! ಗಾಡಿ ಕೆಟ್ಟಾವ ಸಿಟ್ಟಿನಾಗಿರ್ತಾನ, ಅಳತಿ ಹಿಡೀತಾನೇನು? ಸರೀರಿ ಆ ಕಡೆ."

ಒಂದೇ ಕೈಯಲ್ಲಿ ಟೊಂಗೆ ಎಳೆದುಕೊಂಡು ಹೋಗಿ ಮೂರು ಕಡೆ ಒಗೆದ. ಅಡ್ಡಾದಿಡ್ಡಿ ಕಂಡರೂ ಬುಡವೆಲ್ಲ ಆ ಕಡೆ, ತಪ್ಪಲೆಲ್ಲ ಈ ಕಡೆ. ರೇಷ್ಮಾ ಅದನ್ನೇ ಅಳೆದು ಬರೆದುಕೊಂಡಳು.

ಮೊದಲ ಓಟದಲ್ಲಿ ಲಾರಿ ನಿಲ್ಲಲಿಲ್ಲ. ಎರಡನೆಯದರಲ್ಲಿ ಬಾಡಿದ ಟೊಂಗೆಗೂ ನಿಂತಿತು. ಮಧ್ಯಾಹ್ನದ ಹನ್ನೊಂದನೆಯ ಓಟದಲ್ಲಿ ಅರವತ್ತರ ವೇಗದಲ್ಲಿ ಬಂದ ಲಾರಿ ಬಾಡಿದ ಟೊಂಗೆಯ ಮೇಲೆ ಸರಾಗ ಹಾದು, ಹಸಿ ಟೊಂಗೆ ಕಂಡದ್ದೇ ಸೀಟು ನಡುಗಿಸಿ, ಕಬ್ಬು ಹೇರಿದ ಟ್ರೇಲರಿಗೆ ಇಪ್ಪತ್ತು ಅಡಿ ಇರುವಾಗ ಗಕ್ಕನೆ ನಿಂತಿತು. ಆಮೇಲೆ ನಲವತ್ತು ಸಲ ಓಡಿಸಿದರು, ನಲವತ್ತು ಸಲವೂ ನಿಂತಿತು. ಎಂಜಿನಿಯರುಗಳು ಸಿಳ್ಳೆ ಹಾಕಿದರು. ಮಹಾನಂದಾ ಅಣ್ಣನ ಒಳ್ಳೆಯ ಕೈ ಹಿಡಿದು ಮೇಲೆತ್ತಿದಳು.

"ಬಿಡ, ನೂಸ್ತೈತಿ," ಎಂದ ಅವನು, ನೋಯದ ಕೈಯನ್ನು ಬಿಡಿಸಿಕೊಳ್ಳದೆ.

ಶುಕ್ರವಾರ ಹತ್ತಕ್ಕೆ ಸಭಾಂಗಣ ತುಂಬಿತ್ತು. ಹದಿನಾಲ್ಕು ಪ್ರಯೋಗಾಲಯದವರು, ಅಧಿಕಾರಿಗಳು, ಪತ್ರಿಕೆಯವರು. ಕಾಳಪ್ಪ ಬರುವುದಿಲ್ಲ ಎಂದಿದ್ದ. ಚಂದ್ರವ್ವ ಅವನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಆಟೋ ಹತ್ತಿಸಿ, ಹಿಂದಿನ ಸಾಲಿನಲ್ಲಿ ತಂದು ಕೂರಿಸಿದ್ದಳು. ಅವಳೆದುರು ಯಾರದೇನೂ ನಡೆಯುವುದಿಲ್ಲ.

ಮಹಾನಂದಾ ವೇದಿಕೆ ಹತ್ತಿದಾಗ ಹಿಂದಿನ ಪರದೆಯ ಮೇಲೆ '೪೧೫ ದಿನ' ಎಂದು ದೊಡ್ಡಕ್ಷರದಲ್ಲಿತ್ತು. ಚಪ್ಪಾಳೆ ಬಿತ್ತು. ಅವಳು ಅದನ್ನು ತೆಗೆಸಿ ಕಾಲಿನ ಗೆರೆಯನ್ನು ಹಾಕಿಸಿದಳು.

"ನಮ್ಮ ಸಂಶೋಧನೆಯ ಅತ್ಯಂತ ಮುಖ್ಯವಾದ ಫಲಿತಾಂಶ ಇದು," ಎಂದು ಶುರು ಮಾಡಿದಳು. "ಈ ನಾಲ್ಕು ಸೆಕೆಂಡುಗಳಲ್ಲಿ ಜೋಕೆ ಕುರುಡಾಗಿತ್ತು. ಕುರುಡು ಮಾಡಿದವಳು ನಾನು. ನೀವೆಲ್ಲ ನನ್ನಿಂದ ಪಡೆದ ಹಸಿರು ಜರಡಿಯೇ ಅದಕ್ಕೆ ಕಾರಣ. ನಿಮ್ಮ ಗಾಡಿಗಳಲ್ಲೂ ಈ ಹೊತ್ತು ಅದೇ ಕುರುಡು ಕೂತಿದೆ."

ಟೊಂಗೆಯ ಕಥೆ, ಕಬ್ಬಿನ ಕಥೆ, ಡ್ರೈವರನ ಸುಳ್ಳು ಹೇಳಿಕೆಯ ಕಥೆ, ಯಾವುದನ್ನೂ ಬಿಡದೆ ಹೇಳಿದಳು. ನಲವತ್ತು ಓಟಗಳ ಚಿತ್ರ ತೋರಿಸಿದಳು. ಹೊಸ ಜರಡಿ ಇವತ್ತೇ, ಈ ಕೋಣೆಯಲ್ಲೇ ಎಲ್ಲರಿಗೂ ಬಿಚ್ಚಿ ಕೊಡುತ್ತೇವೆ, ಒಪ್ಪಿಗೆ ಕೊಡುವುದು ಬಿಡುವುದು ಆಮೇಲಿನ ಮಾತು ಎಂದು ಮುಗಿಸಿದಳು.

ಚಪ್ಪಾಳೆ ಇಲ್ಲ. ಮುಂದಿನ ಸಾಲಿನಲ್ಲಿ ಇನಾಂದಾರರು ಪೆನ್ನಿನ ಕ್ಯಾಪನ್ನು ಹಾಕುತ್ತ ತೆಗೆಯುತ್ತ ಕೂತಿದ್ದರು. ಹನ್ನೊಂದು ವರ್ಷ ಮುಗಿಯಿತು ಎಂದುಕೊಂಡಳು ಮಹಾನಂದಾ. ಎದೆ ಮಾತ್ರ ಹಗುರಾಗಿತ್ತು.

ಆಗ ನೇಪಾಳದಿಂದ ಬಂದಿದ್ದ ಪ್ರಮಿಳಾ ಗುರುಂಗ್ ಎದ್ದರು. ಬೆಳ್ಳಿಕೂದಲಿನ, ಸಣ್ಣ ದನಿಯ ಹೆಂಗಸು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ರೇಷ್ಮಾ ಹಿಂದಿನ ಸಾಲಿನವರಿಗೆ ಕನ್ನಡದಲ್ಲಿ ಹೇಳುತ್ತ ಹೋದಳು.

"ನಮ್ಮ ಬೆಟ್ಟದ ರಸ್ತೆಗಳಲ್ಲೂ ಟೊಂಗೆ ಇಡುತ್ತಾರೆ. ಈ ವರ್ಷ ನಮ್ಮ ಪ್ರಯೋಗದ ಮೂರು ಬಸ್ಸು ನಿಂತ ಲಾರಿಗೆ ಹೋಗಿ ಬಡಿದವು. ಪೆಟ್ಟಿಗೆ ಏನನ್ನೂ ಕಾಣಲಿಲ್ಲವಾದ್ದರಿಂದ ಡ್ರೈವರುಗಳು ನಿದ್ದೆ ಮಾಡಿದ್ದರು ಎಂದು ನಾವೇ ಬರೆದೆವು. ಮೂವರಲ್ಲಿ ಒಬ್ಬರು ಸುಳ್ಳು, ಸುಳ್ಳು ಎಂದು ಅಳುತ್ತಿದ್ದರು. ನಾನು ನಂಬಲಿಲ್ಲ." ಅವರು ಚೀಲದಿಂದ ಫೋನ್ ತೆಗೆದರು. "ಇವತ್ತು ಇಲ್ಲಿಂದಲೇ ಆ ಮೂವರಿಗೂ ಫೋನ್ ಮಾಡುತ್ತೇನೆ."

ಇನ್ನೊಬ್ಬರು ಎದ್ದರು. ಅವರ ಪೆಟ್ಟಿಗೆ ಒಣಹುಲ್ಲಿನ ಬಂಡಿಯನ್ನು ಕಾಣುವುದಿಲ್ಲವಂತೆ, ಯಾರಿಗೂ ಹೇಳಿರಲಿಲ್ಲ. ಮತ್ತೊಬ್ಬರು ಎದ್ದು, ತಮ್ಮದು ಮಂಜಿನಲ್ಲಿ ಕುರಿಯ ಹಿಂಡನ್ನು ಮೋಡವೆಂದು ತಿಳಿಯುತ್ತದೆ ಎಂದರು. ಸಭೆಯಲ್ಲಿ ನಗು ಬಂತು, ಹೇಳಿದವರೂ ನಕ್ಕರು, ಕಣ್ಣನ್ನೂ ಒರೆಸಿಕೊಂಡರು. ಗಂಟೆಯೊಳಗೆ ಹದಿನಾಲ್ಕರಲ್ಲಿ ಹನ್ನೆರಡು ಕಡೆಯವರು ಬಚ್ಚಿಟ್ಟಿದ್ದ ಸೋಲುಗಳನ್ನು ಮೇಜಿನ ಮೇಲೆ ಸುರಿದಿದ್ದರು. ಒಬ್ಬರ ಸೋಲಿಗೆ ಇನ್ನೊಬ್ಬರ ಹತ್ತಿರ ಪರಿಹಾರವಿತ್ತು. ಊಟದ ಹೊತ್ತಾದರೂ ಯಾರೂ ಏಳಲಿಲ್ಲ.

ಇನಾಂದಾರರು ಪೆನ್ನನ್ನು ಜೇಬಿಗೆ ಸಿಕ್ಕಿಸಿ ವೇದಿಕೆ ಹತ್ತಿದರು. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು, "ಇದನ್ನ ಹೇಳಬ್ಯಾಡ್ರಿ ಅಂತ ಬುಧವಾರ ಅಂದಾವ ನಾನ," ಎಂದರು ಅಚ್ಚ ಧಾರವಾಡದ ಮಾತಿನಲ್ಲಿ. "ನನ್ನ ಮಾತು ಕೇಳದಿದ್ದಕ್ಕ ಬಡಿಗೇರ ಅವರಿಗೆ ಎಲ್ಲಾರ ಮುಂದ ಕೈ ಮುಗೀತೀನಿ." ಮುಗಿದೂ ಬಿಟ್ಟರು.

ಒಪ್ಪಿಗೆಗೆ ಕೈ ಎತ್ತಿರೆಂದಾಗ ಹದಿನಾಲ್ಕೂ ಕೈ ಎದ್ದವು. ಹೊಸ ಜರಡಿಯೊಂದಿಗೆ, ಮತ್ತು ಒಂದು ಶರತ್ತಿನೊಂದಿಗೆ: ಇನ್ನು ಮೇಲೆ ಯಾರ ಪೆಟ್ಟಿಗೆ ಎಲ್ಲಿ ಸೋತರೂ ಸಂಜೆಯೊಳಗೆ ಅದು ಎಲ್ಲರಿಗೂ ತಿಳಿಯಬೇಕು. ಅಂದು ಮೂರು ಗಂಟೆಗೆ ಹೊಸ ಜರಡಿ ಲೋಕಾಪುರದ ರಸ್ತೆಯ ಗಾಡಿಗಳಿಗೂ ಹದಿನಾಲ್ಕು ಕಡೆಯ ಗಾಡಿಗಳಿಗೂ ಹೋಯಿತು. ರೇಷ್ಮಾ ನಿಯಂತ್ರಣ ಕೋಣೆಯಿಂದ ಓಡಿ ಬಂದಾಗ ನಾಲ್ಕೂ ಆಗಿರಲಿಲ್ಲ.

"ಮೇಡಂ, ನಮ್ಮ ರಸ್ತೇದಾಗ, ಯರಗಟ್ಟಿ ಹತ್ರ ಬಸ್ಸೊಂದು ನಿಂತೇತ್ರಿ! ಹಸಿ ಟೊಂಗಿ, ಕಬ್ಬಿನ ಟ್ರೇಲರ್. ಬಸ್ಸಿನ್ಯಾಗ ಐವತ್ತೆರಡ ಮಂದಿ. ಯಾರಿಗೂ ಏನೂ ಆಗಿಲ್ರಿ!"

ಅಬ್ಬಾ, ಆಗ ಎದ್ದ ಗದ್ದಲ! ಗಂಭೀರ ಮುಖದ ವಿಜ್ಞಾನಿಗಳು 'ಹೋ' ಎಂದು ಕೂಗಿದರು, ಯಾರೋ ಕುರ್ಚಿಯ ಮೇಲೆ ಹತ್ತಿದರು, ಗುರುಂಗ್ ಬಾಯಿ ಮಹಾನಂದಾಳನ್ನು ತಬ್ಬಿಕೊಂಡರು.

ಗದ್ದಲ ತಣ್ಣಗಾದ ಮೇಲೆ ಜಂಟಿ ವರದಿ ಬರೆಯಲು ಕೂತರು. ಹದಿನಾಲ್ಕು ಭಾಷೆಗಳಲ್ಲಿ, ಬೇಡಿದವರಿಗೆಲ್ಲ ಉಚಿತವಾಗಿ ಸಿಗುವ ವರದಿ. ಮೊದಲ ವಾಕ್ಯ ಏನಿರಬೇಕು ಎಂದು ಇನಾಂದಾರರು ಕೇಳಿದರು. ಸಾವಿಲ್ಲದ ದಿನಗಳಿಂದ ಶುರು ಮಾಡೋಣ ಎಂದರು ಒಬ್ಬರು, ಐವತ್ತೆರಡು ಜನರಿಂದ ಎಂದರು ಇನ್ನೊಬ್ಬರು. ಮಹಾನಂದಾ ಕಾಗದ ಎಳೆದುಕೊಂಡು ಎರಡು ಪದ ಬರೆದಳು. ಇನಾಂದಾರರು ಅದನ್ನು ಓದಿ, ಹಿಂದಿನ ಸಾಲಿನತ್ತ ಒಮ್ಮೆ ನೋಡಿ, ಮೈಕು ತೆಗೆದುಕೊಂಡು ಗಟ್ಟಿಯಾಗಿ ಓದಿದರು.

"ಚಾಲಕ ಎಚ್ಚರವಾಗಿದ್ದ."

ಕಾಳಪ್ಪ ತನಗೇ ತಿಳಿಯದಂತೆ ಎದ್ದು ನಿಂತಿದ್ದ. ಚಂದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗುರುಂಗ್ ಮೈಕು ಕೇಳಿ ಪಡೆದು ಅದೇ ವಾಕ್ಯವನ್ನು ನೇಪಾಳಿಯಲ್ಲಿ ಹೇಳಿದರು. ಅವರ ಪಕ್ಕದವರು ತಮಿಳಿನಲ್ಲಿ, ಅವರಾಚೆಯವರು ಒಡಿಯಾದಲ್ಲಿ. ಮೈಕು ಕೈಯಿಂದ ಕೈಗೆ ದಾಟುತ್ತ ಹೋಯಿತು, ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ತಮ್ಮ ಭಾಷೆಯಲ್ಲಿ, ಹಿಂದಿನ ಸಾಲಿನತ್ತ ತಿರುಗಿ ಹೇಳಿದರು. ಮೂವತ್ತು ವರ್ಷ ದೇಶ ಸುತ್ತಿದ ಡ್ರೈವರನಿಗೆ ಅವುಗಳಲ್ಲಿ ಒಂಬತ್ತು ಭಾಷೆ ತಿಳಿದವು. ಉಳಿದ ಐದಕ್ಕೂ ಅವನು ಕಣ್ಣು ಒರೆಸಿಕೊಳ್ಳುತ್ತ, "ಹೌದ್ರಿ, ಹೌದು," ಎಂದ.